519, ಒಂದು ಚಾರ್ಜು, ಮತ್ತೆ ಕಾಕಾನ ಎತ್ತು

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದೇ.

ಅಕ್ಕನ ಮಗಳು ಈಗ ಸೆಕೆಂಡ್ ಪಿಯುಸಿ. ಒಂದು ರಾತ್ರಿ ಊಟ ಆದ ಮೇಲೆ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಹಾಳೆ ಮೇಲೆ ಎರಡು ಚುಕ್ಕೆ, ಎರಡಕ್ಕೂ ಪ್ಲಸ್ ಗುರುತು, ಅಂದರೆ ಎರಡು ಸಮ ಪ್ಲಸ್ ಚಾರ್ಜು, ಸರಿಯಾಗಿ ನಡುವೆ ಒಂದು ಸಣ್ಣ ಗೀಟು. "ಮಾಮಾ, ಈ ನಡುವಿನ ಪಾಯಿಂಟಿನ್ಯಾಗ ಫೀಲ್ಡ್ ಸೊನ್ನೆ ಬಂತು. ಅಂದ್ರ ಪೊಟೆನ್ಶಿಯಲ್ಲೂ ಸೊನ್ನೇನ, ಹೌದಲ್ಲ?" ನಾನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಹೌದವ್ವಾ, ಎರಡೂ ಕಡೆ ಸಮ ಐತಲ್ಲ, ವಜಾ ಆಗ್ತಾವು" ಅಂದೆ.

ಟೆಸ್ಟಿನಲ್ಲಿ ಅದೇ ಲೆಕ್ಕ ಬಂದಿತ್ತು. ಪೇಪರ್ ತಂದು ನನ್ನ ತಾಟಿನ ಪಕ್ಕ ಇಟ್ಟು ಹೋದಳು. ಸೊನ್ನೆಯ ಮೇಲೆ ಕೆಂಪು ಗೆರೆ. ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಾನೂ ಪಿಯುಸಿಯಲ್ಲಿ ಸೈನ್ಸ್ ಓದಿದವನೇ. ಪೊಟೆನ್ಶಿಯಲ್ ಅಂದರೆ ಕೆ ಕ್ಯೂ ಬೈ ಆರ್, ಫೀಲ್ಡ್ ಅಂದರೆ ಕೆ ಕ್ಯೂ ಬೈ ಆರ್ ಸ್ಕ್ವೇರ್ (ಕ್ಯೂ ಚಾರ್ಜು, ಆರ್ ಅದರಿಂದ ದೂರ, ಕೆ ಬದಲಾಗದ ಒಂದು ಸಂಖ್ಯೆ). ಇವತ್ತಿಗೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಆದರೆ ಒಂದರಲ್ಲಿ ಸ್ಕ್ವೇರ್ ಇದೆ, ಇನ್ನೊಂದರಲ್ಲಿ ಇಲ್ಲ, ಅದು ಬಿಟ್ಟರೆ ಇವೆರಡಕ್ಕೂ ವ್ಯತ್ಯಾಸ ಏನು ಅಂತ ಆಗ ಯಾರಾದರೂ ಕೇಳಿದ್ದರೆ ಪಿಳಿಪಿಳಿ ನೋಡುತ್ತಿದ್ದೆ. ಕನ್ನಡ ಪುಸ್ತಕಗಳಲ್ಲಿ ಪೊಟೆನ್ಶಿಯಲ್‌ಗೆ ವಿಭವ ಅಂತ ಬರೆಯುತ್ತಾರೆ. ನಮ್ಮ ಅಜ್ಜಿಗೆ ವಿಭವ ಅಂದರೆ ಪಂಚಾಂಗದ ಸಂವತ್ಸರ, ಪ್ರಭವ ಆದ ಮೇಲೆ ಬರುವುದು. ನನಗೂ ಅದಕ್ಕಿಂತ ಜಾಸ್ತಿ ಏನೂ ಗೊತ್ತಿರಲಿಲ್ಲ ಅನ್ನಿ.

ಮರುದಿನ ಭಾನುವಾರ. ಅವಳನ್ನು ಗಾಡಿ ಮೇಲೆ ಕೂರಿಸಿಕೊಂಡು ಹಿನ್ನೀರಿನ ದಂಡೆಗೆ ಹೋದೆ. ಸಿಟ್ಟು ಇಳಿಯಲಿ ಅಂತ ಹೋಗಿದ್ದು, ಪಾಠ ಮಾಡಲು ಅಲ್ಲ.

ನಾವಿರುವುದು ಬಾಗಲಕೋಟೆ ನವನಗರದಲ್ಲಿ. ಇಲ್ಲಿ ಮನೆ ವಿಳಾಸ ಕೇಳಿದರೆ ಸೆಕ್ಟರ್ ನಂಬರ್ ಹೇಳುತ್ತಾರೆ. ಹಳೇ ಊರಿನಲ್ಲಿದ್ದ ನಮ್ಮ ಮನೆ ಆಲಮಟ್ಟಿ ಹಿನ್ನೀರಿಗೆ ಹೋಯಿತು. ನಮ್ಮ ಕಡೆ ಮಕ್ಕಳಿಗೆ ಮಗ್ಗಿ ಬರುವ ಮೊದಲು ಒಂದು ನಂಬರ್ ಬರುತ್ತದೆ: 519. ಪೂರ್ತಿ ಹೇಳಿದರೆ 519.60 ಮೀಟರ್, ಸಮುದ್ರ ಮಟ್ಟದಿಂದ. ಆಲಮಟ್ಟಿಯಲ್ಲಿ ಅಷ್ಟರವರೆಗೆ ನೀರು ನಿಲ್ಲಿಸಬಹುದು ಅಂತ 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 524.256ರವರೆಗೆ ಏರಿಸಬಹುದು ಅಂದಿತು. ಅಲ್ಲಿಂದ ಚಹಾದಂಗಡಿಯಲ್ಲಿ ಇದೇ ಮಾತು. 519 ಆದರೆ ಹೀಗೆ, 524 ಆದರೆ ಹಾಗೆ.

ದಂಡೆಯಲ್ಲಿ ನಿಂತಾಗ ತಲೆಯಲ್ಲಿ ಏನೋ ಹೊಳೆಯಿತು. 519 ಅನ್ನುತ್ತೇವಲ್ಲ, ಆ ಸಮುದ್ರ ಎಲ್ಲಿದೆ? ಬಾಗಲಕೋಟೆಯವರಿಗೆ ಸಮುದ್ರ ಕಟ್ಟಿಕೊಂಡು ಏನಾಗಬೇಕು? ಎಲ್ಲಿಂದಲೋ ಒಂದು ಕಡೆಯಿಂದ ಅಳೆಯಬೇಕು, ಅದಕ್ಕೆ ಸಮುದ್ರವನ್ನು ಸೊನ್ನೆ ಅಂದುಕೊಂಡಿದ್ದಾರೆ, ಅಷ್ಟೇ. ಹನುಮಪ್ಪನ ಗುಡಿ ಕಟ್ಟೆಯನ್ನೇ ಸೊನ್ನೆ ಅಂತ ಇಟ್ಟುಕೊಂಡಿದ್ದರೂ 519.60ಕ್ಕೂ 524.256ಕ್ಕೂ ನಡುವಿನ ಅಂತರ ಅದೇ 4.656 ಮೀಟರ್ ಇರುತ್ತಿತ್ತು. ಮನೆ ಮುಳುಗಿಸುವುದು ಆ ಅಂತರ. ಪೊಟೆನ್ಶಿಯಲ್ ಕೂಡ ಇಂಥದ್ದೇ ಒಂದು ಮಟ್ಟದ ನಂಬರು. ಒಂದು ಕಡೆ 90 ವೋಲ್ಟ್ ಇದೆ ಅಂದರೆ, ಎಲ್ಲಿಂದಲೋ ಒಂದು ಕೂಲಂಬ್ ಚಾರ್ಜನ್ನು ಹೊತ್ತು ಅಲ್ಲಿಗೆ ಏರಿಸಲು 90 ಜೌಲ್ ಕೆಲಸ ಬೇಕು ಅಂತ. ಆ 'ಎಲ್ಲಿಂದಲೋ' ಯಾವುದು ಅಂತ ಮೊದಲೇ ಮಾತಾಡಿಕೊಳ್ಳಬೇಕು. ಒಂಟಿ ಚಾರ್ಜಿನ ಲೆಕ್ಕದಲ್ಲಿ ಅದು ಅನಂತ ದೂರ. ಸಮುದ್ರದ ಜಾಗದಲ್ಲಿ ಅನಂತ.

ಇನ್ನೊಂದು ವಿಷಯ ಕಣ್ಣೆದುರೇ ಇತ್ತು, ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ. ನೀರು ಸ್ವಲ್ಪ ಸ್ವಲ್ಪವೇ ಇಳಿದಿತ್ತು. ಇಳಿಯುವಾಗ ದಂಡೆಯ ಮಣ್ಣಿನ ಮೇಲೆ ಒಂದರ ಕೆಳಗೆ ಒಂದು ಗೆರೆ ಬಿಟ್ಟು ಹೋಗಿತ್ತು, ಒಣಗಿದ ಪಾಚಿ, ಕಸಕಡ್ಡಿ, ಪ್ಲಾಸ್ಟಿಕ್ ಎಲ್ಲ ಸಾಲಾಗಿ ಅಂಟಿಕೊಂಡು. ಒಂದೊಂದು ಗೆರೆಯೂ ಒಂದೇ ಎತ್ತರ. ಆ ಗೆರೆ ಹಿಡಿದು ಎಷ್ಟು ದೂರ ನಡೆದರೂ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ದಂಡೆ ಕಡಿದಾಗಿ ಇರುವ ಕಡೆ ಗೆರೆಗಳು ಒತ್ತೊತ್ತಾಗಿ ಇದ್ದವು. ಹೊಲದಂಥ ಚಪ್ಪಟೆ ಜಾಗದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹತ್ತು ಹೆಜ್ಜೆ. "ಅಯ್ಯ, ಇದು ಈಕ್ವಿಪೊಟೆನ್ಶಿಯಲ್ ಲೈನ್ ಅಲ್ಲೇನ್ ಮಾಮಾ?" ಅಂದಳು. ಒಂದೇ ಪೊಟೆನ್ಶಿಯಲ್ ಇರುವ ಜಾಗಗಳನ್ನು ಸೇರಿಸುವ ಗೆರೆ ಅಂತ. ಸಿಟ್ಟು ಅರ್ಧ ಇಳಿದಿತ್ತು.

ಅಲ್ಲೇ ಒಂದು ಕಡ್ಡಿ ತಗೊಂಡು ಹಸಿ ಮಣ್ಣಿನಲ್ಲಿ ಲೆಕ್ಕ ಶುರು ಮಾಡಿದೆವು. ಕೆ ಅಂದರೆ ಹೆಚ್ಚುಕಮ್ಮಿ 900 ಕೋಟಿ. ಒಂದು ನ್ಯಾನೊ ಕೂಲಂಬ್ ಅಂದರೆ ಕೂಲಂಬಿನ 100 ಕೋಟಿಯಲ್ಲಿ ಒಂದು ಪಾಲು. ಕೋಟಿಗೆ ಕೋಟಿ ಹೋಯಿತು, ಉಳಿದದ್ದು 9. ಹಾಗಾಗಿ ಒಂದು ನ್ಯಾನೊ ಕೂಲಂಬ್ ಚುಕ್ಕೆಯಿಂದ 1 ಮೀಟರ್ ದೂರದಲ್ಲಿ 9 ವೋಲ್ಟ್. ದೂರ ಅರ್ಧ ಮಾಡಿದರೆ 18. ಮೂರನೇ ಒಂದು ಭಾಗ ಅಂದರೆ 33 ಸೆಂಟಿಮೀಟರ್ ಚಿಲ್ಲರೆಯಲ್ಲಿ 27. ಕಾಲು ಮೀಟರ್‌ನಲ್ಲಿ 36, 20 ಸೆಂಟಿಮೀಟರ್‌ನಲ್ಲಿ 45. ಚುಕ್ಕೆಯ ಸುತ್ತ ಒಂದೊಂದಕ್ಕೂ ಒಂದು ವೃತ್ತ ಎಳೆದಳು. ಮೊದಲೆರಡು ವೃತ್ತಗಳ ನಡುವೆ 50 ಸೆಂಟಿಮೀಟರ್ ಜಾಗ. ಕೊನೆಯ ಎರಡರ ನಡುವೆ ಬರೀ 5. ಎಲ್ಲ ಕಡೆ ಏರಿದ್ದು ಅದೇ 9 ವೋಲ್ಟ್. ಅಂದರೆ ಚುಕ್ಕೆ ಹತ್ತಿರ ಆದಂತೆ ದಂಡೆ ಕಡಿದಾಗುತ್ತಿದೆ. ಆ ಕಡಿದು ಎಷ್ಟಿದೆ ಅನ್ನುವುದೇ ಫೀಲ್ಡ್. ಎತ್ತರ ಬೇರೆ, ಇಳಿಜಾರು ಬೇರೆ. ನಾನು ಪಿಯುಸಿ ಮುಗಿಸಿ ಇಷ್ಟು ವರ್ಷ ಆದ ಮೇಲೆ ಇಷ್ಟು ಸಣ್ಣ ಮಾತು ತಲೆಗೆ ಹೋಗಿದ್ದು ಹಿನ್ನೀರಿನ ಕಸದ ಗೆರೆ ನೋಡಿ.

(ಮಣ್ಣಿನಲ್ಲಿ ವೃತ್ತ ಎಳೆದೆವು ಅಂತ ಅದು ವೃತ್ತ ಅಂದುಕೊಳ್ಳಬೇಡಿ. ನಿಜದಲ್ಲಿ ಚುಕ್ಕೆಯ ಸುತ್ತ ಎಲ್ಲ ದಿಕ್ಕಿಗೂ ಚೆಂಡಿನಂಥ ಪದರ, ಉಳ್ಳಾಗಡ್ಡಿ ಇದ್ದ ಹಾಗೆ. ಫೀಲ್ಡಿನ ದಾರಿ ಆ ಪದರಗಳನ್ನು ನೆಟ್ಟಗೆ ಸೀಳಿಕೊಂಡು ಹೋಗುತ್ತದೆ.)

ಅವಳಿಗೆ ಇನ್ನೊಂದು ಅನುಮಾನ, ಅದು ನನಗೂ ಆಗ ಇತ್ತು. ಅನಂತ ದೂರದಿಂದ ತಳ್ಳಿಕೊಂಡು ಬರಬೇಕು ಅಂದರೆ ಕೆಲಸವೂ ಅನಂತ ಆಗಬೇಕಲ್ಲ? ಬರೀ 9 ಜೌಲ್ ಹೇಗೆ? ಪುಸ್ತಕ ಇಲ್ಲಿ ಇಂಟಿಗ್ರೇಶನ್ ಹಾಕಿ ಕೈ ತೊಳೆದುಕೊಳ್ಳುತ್ತದೆ. ತಪ್ಪೇನಲ್ಲ, ಆದರೆ ಮನಸ್ಸಿಗೆ ಇಳಿಯುವುದಿಲ್ಲ.

ನಾವು ರೊಟ್ಟಿ ಲೆಕ್ಕ ಹಾಕಿದೆವು. 1 ಮೀಟರ್‌ನಲ್ಲಿ 9 ವೋಲ್ಟ್, 2 ಮೀಟರ್‌ನಲ್ಲಿ 4.5, 4ರಲ್ಲಿ 2.25, 8ರಲ್ಲಿ 1.125. ಈಗ ಹಿಂದಿನಿಂದ ನೋಡಿ. 8 ಮೀಟರ್‌ನಿಂದ 4ಕ್ಕೆ ಬರಲು 1.125 ಖರ್ಚು. 4ರಿಂದ 2ಕ್ಕೆ 2.25. 2ರಿಂದ 1ಕ್ಕೆ 4.5. ಅಂದರೆ ಕೊನೆಯ ಒಂದೇ ಮೀಟರ್‌ನಲ್ಲಿ ಅರ್ಧ ರೊಟ್ಟಿ ಮುಗಿಯಿತು. ಅದಕ್ಕೂ ಹಿಂದಿನ 2 ಮೀಟರ್‌ನಲ್ಲಿ ಉಳಿದದ್ದರ ಅರ್ಧ. ಅದರ ಹಿಂದಿನ 4 ಮೀಟರ್‌ನಲ್ಲಿ ಮತ್ತೆ ಉಳಿದದ್ದರ ಅರ್ಧ. ಹೀಗೆ ಸೊಲ್ಲಾಪುರ, ಪುಣೆ, ಚಂದ್ರ, ಸೂರ್ಯ ಎಲ್ಲಿಯವರೆಗೆ ಹಿಂದಕ್ಕೆ ಹೋದರೂ ಮುರಿಯುತ್ತಿರುವುದು ಆ ಒಂದೇ ರೊಟ್ಟಿ. ದಾರಿ ಅನಂತ, ಆದರೆ ದೂರದ ದಾರಿ ಪುಕ್ಕಟೆ ಇದ್ದ ಹಾಗೆ. ಕಷ್ಟ ಎಲ್ಲ ಮನೆ ಬಾಗಿಲ ಹತ್ತಿರ.

ಆ 4.5 ಎಲ್ಲಿಂದ ಬಂತು ಅಂತ ಅನುಮಾನ ಇದ್ದರೆ ಅದಕ್ಕೂ ಒಂದು ಚೆಂದದ ಕೀಲಿ ಇದೆ. 2 ಮೀಟರ್‌ನಲ್ಲಿ ತಳ್ಳುವ ಬಲ, ಅಂದರೆ ಫೀಲ್ಡ್, ಕೂಲಂಬಿಗೆ 2.25, 1 ಮೀಟರ್‌ನಲ್ಲಿ 9. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 5.6 ಬರುತ್ತದೆ, ಅದು ತಪ್ಪು, ಯಾಕೆಂದರೆ ದಾರಿಯ ಬಹುಪಾಲು ಬಲ ಕಮ್ಮಿಯೇ ಇರುತ್ತದೆ, ಕೊನೆಗೆ ಮಾತ್ರ ಜೋರು. ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯಿರಿ. 20.25ರ ವರ್ಗಮೂಲ 4.5. ದೂರ 1 ಮೀಟರ್. ಕೆಲಸ 4.5. ಸ್ಕ್ವೇರ್ ಇರುವ ಬಲಕ್ಕೆ ಈ ಗುಣಿಸುವ ಸರಾಸರಿ ಎಷ್ಟು ದೂರಕ್ಕಾದರೂ ಸರಿಯಾಗಿ ಹೊಂದುತ್ತದೆ. ಎರಡು ಬಲ ಗುಣಿಸಿ ವರ್ಗಮೂಲ ತೆಗೆದಾಗ ಮೇಲಿದ್ದ ಸ್ಕ್ವೇರ್ ಕರಗಿ ಹೋಗುತ್ತದೆ. ಪೊಟೆನ್ಶಿಯಲ್ಲಿನಲ್ಲಿ ಬರೀ ಆರ್ ಯಾಕೆ ಉಳಿಯಿತು ಅನ್ನುವುದು ಇಲ್ಲಿ ಕಾಣುತ್ತದೆ. ಇದನ್ನು ಹಾಳೆ ಮೇಲೆ ನೀವೇ ಒಮ್ಮೆ ಮಾಡಿ ನೋಡಿ, ನಾನು ಹೇಳುವುದಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಈಗ ಟೆಸ್ಟಿನಲ್ಲಿ ತಪ್ಪಿದ ಆ ಮೂರು ಮಾರ್ಕಿನ ಲೆಕ್ಕ.

ಬಾದಾಮಿ ಎಲ್ಲರೂ ನೋಡಿದ್ದೀರಿ. ಕೆಳಗೆ ಅಗಸ್ತ್ಯ ತೀರ್ಥ, ಮೇಲೆ ಕೆಂಪು ಕಲ್ಲಿನ ಗುಡ್ಡ, ನೆತ್ತಿ ಮೇಲೆ ಅಲ್ಲಲ್ಲಿ ಅಂಗಳದಂತೆ ಚಪ್ಪಟೆ ಬಂಡೆ. ಆ ಬಂಡೆ ಮೇಲೆ ಚೆಂಡು ಇಡಿ, ಉರುಳುವುದಿಲ್ಲ. ಇಳಿಜಾರು ಸೊನ್ನೆ. ಹಾಗಂತ ನೀವು ಕೆಳಗೆ ಹೊಂಡದ ಮಟ್ಟದಲ್ಲಿ ಇದ್ದೀರಾ? ಹತ್ತಿ ಬಂದ ಮೊಣಕಾಲನ್ನೇ ಕೇಳಿ. ಎರಡು ಪ್ಲಸ್ ಚಾರ್ಜಿನ ನಡುವಿನ ಜಾಗವೂ ಹಾಗೇ. ಅದು ಗುಡ್ಡದ ನೆತ್ತಿ ಅಲ್ಲ, ಎರಡು ಗುಡ್ಡಗಳ ನಡುವಿನ ಕಣಿವೆ ದಾರಿ, ಆದರೆ ಅಲ್ಲಿಯೂ ಒಂದು ಕ್ಷಣ ಕಾಲಡಿ ಚಪ್ಪಟೆ. ಎರಡು ಚಾರ್ಜುಗಳ ನಡುವೆ 20 ಸೆಂಟಿಮೀಟರ್ ಇದ್ದು, ಒಂದೊಂದೂ ಒಂದು ನ್ಯಾನೊ ಕೂಲಂಬ್ ಆದರೆ, ನಡುವಿನ ಪಾಯಿಂಟಿಗೆ ಒಂದರಿಂದ 90 ವೋಲ್ಟ್, ಇನ್ನೊಂದರಿಂದ 90. ಒಟ್ಟು 180. ಫೀಲ್ಡು ಆ ಕಡೆಯಿಂದ 900, ಈ ಕಡೆಯಿಂದ 900, ದಿಕ್ಕು ಎದುರುಬದುರು, ಆದ್ದರಿಂದ ಸೊನ್ನೆ. ಪೊಟೆನ್ಶಿಯಲ್ಲಿಗೆ ದಿಕ್ಕೇ ಇಲ್ಲ. ಮನೆ 521ರಲ್ಲಿದೆ ಅಂದರೆ ಮೂಡಣಕ್ಕೆ 521 ಅಂತ ಯಾರಾದರೂ ಹೇಳುತ್ತಾರಾ? ಬರೀ ನಂಬರು. ಸುಮ್ನೆ ಕೂಡಿಸುತ್ತಾ ಹೋಗುವುದು.

ಒಂದನ್ನು ಪ್ಲಸ್, ಒಂದನ್ನು ಮೈನಸ್ ಮಾಡಿದರೆ ಕತೆ ಉಲ್ಟಾ. 90ರಲ್ಲಿ 90 ಹೋಯಿತು, ಪೊಟೆನ್ಶಿಯಲ್ ಸೊನ್ನೆ. ಆದರೆ ಫೀಲ್ಡ್ ಎರಡೂ ಒಂದೇ ಕಡೆಗೆ, 1800. ನೀರಿನ ಅಂಚಿನಲ್ಲಿ ನಿಂತು ಇದೇ ಸೊನ್ನೆ ಅಂತ ಹೆಸರಿಟ್ಟ ಹಾಗೆ. ಹೆಸರು ಸೊನ್ನೆ ಇರಬಹುದು, ಬಿಂದಿಗೆ ಇಟ್ಟರೆ ಉರುಳಿಯೇ ಉರುಳುತ್ತದೆ.

ಮೈನಸ್ ಚಾರ್ಜಿನ ಸುತ್ತ ಗುಡ್ಡ ಇಲ್ಲ, ಬಾವಿ ಇದೆ. ಇದಕ್ಕೆ ನಮಗೆ ಕೂಡಲಸಂಗಮ ಇದ್ದೇ ಇದೆ. ಐಕ್ಯ ಮಂಟಪದ ಸುತ್ತ ಬಾವಿಯಂತೆ ಗೋಡೆ ಕಟ್ಟಿದ್ದಾರೆ, ಹೊರಗೆ ಹಿನ್ನೀರು, ನಾವು ಮೆಟ್ಟಿಲಿಳಿದು ಒಳಗೆ ಹೋಗುತ್ತೇವೆ. ನದಿ ತುಂಬಿದಾಗ ನೀರಿನ ಮಟ್ಟಕ್ಕಿಂತ ಕೆಳಗೆ ನಿಂತಿರುತ್ತೇವೆ. ಸೊನ್ನೆ ಅಲ್ಲಿ ಮೇಲೆ, ನಾವು ಮೈನಸ್ಸಿನಲ್ಲಿ. ಹೊರಗೆ ಬರಬೇಕಾದರೆ ಹತ್ತಲೇಬೇಕು. ಹೈಡ್ರೋಜನ್ ಪರಮಾಣುವಿನಲ್ಲಿ ಎಲೆಕ್ಟ್ರಾನ್ ಕತೆಯೂ ಇದೇ, ಸ್ವಲ್ಪ ತಿರುವಿನೊಂದಿಗೆ. ಪ್ರೋಟಾನ್ ಪ್ಲಸ್, ಅದರಿಂದ 0.053 ನ್ಯಾನೊಮೀಟರ್ ದೂರದಲ್ಲಿ ಪೊಟೆನ್ಶಿಯಲ್ ಸುಮಾರು 27 ವೋಲ್ಟ್. ನಮಗೆ ಅದು ಗುಡ್ಡ. ಎಲೆಕ್ಟ್ರಾನ್ ಮೈನಸ್ ಆದ್ದರಿಂದ ಅದಕ್ಕೆ ಆ ಗುಡ್ಡವೇ ಬಾವಿ. ಅದು ಒಳಗೆ ಓಡಾಡಿಕೊಂಡಿರುವ ಚೈತನ್ಯವನ್ನೂ ಲೆಕ್ಕ ಹಿಡಿದರೆ ಹೊರಗೆ ತೆಗೆಯಲು 13.6 ಎಲೆಕ್ಟ್ರಾನ್ ವೋಲ್ಟ್ ಸಾಕು. ಪಿಯುಸಿಯಲ್ಲಿ ಈ 13.6 ಬಾಯಿಪಾಠ ಮಾಡಿದ್ದೆವು, ನೆನಪಿದೆಯಾ?

ಅಂದಹಾಗೆ ಈ ಪೊಟೆನ್ಶಿಯಲ್ ಅನ್ನುವ ಹೆಸರು ಕೊಟ್ಟವನು ಕಾಲೇಜು ಮೇಷ್ಟರಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಹತ್ತಿರ ಗಾಳಿಯಿಂದ ತಿರುಗುವ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಜಾರ್ಜ್ ಗ್ರೀನ್. ಚಿಕ್ಕಂದಿನಲ್ಲಿ ಶಾಲೆಗೆ ಹೋಗಿದ್ದು ಒಂದು ವರ್ಷದಷ್ಟು. 1828ರಲ್ಲಿ ಚಂದಾ ಎತ್ತಿ ತನ್ನ ಪ್ರಬಂಧ ಅಚ್ಚು ಹಾಕಿಸಿದ. ಆಗ ಯಾರೂ ಅದನ್ನು ಅಷ್ಟಾಗಿ ಕೇಳಲಿಲ್ಲ. ಅವನು ಸತ್ತ ಮೇಲೆ ಮುಂದೆ ಲಾರ್ಡ್ ಕೆಲ್ವಿನ್ ಅಂತ ಹೆಸರಾದ ವಿಲಿಯಂ ಥಾಮ್ಸನ್ ಅದನ್ನು ಹುಡುಕಿ ಮತ್ತೆ ಅಚ್ಚು ಮಾಡಿಸಿದ. ಅವತ್ತಿನಿಂದ ಗಿರಣಿಗೆ ಹಿಟ್ಟು ಬೀಸಿಸಲು ಹೋದಾಗ ನನಗೆ ಇದೇ ನೆನಪು.

ಲೆಕ್ಕ ಅಲ್ಲಿಗೆ ಮುಗಿದಿತ್ತು. ಮನೆಗೆ ಹೊರಡುವಾಗ ನನಗೆ ಬಿಳಿಯಾ ನೆನಪಾದ.

ಬಿಳಿಯಾ ನಮ್ಮ ಕಾಕಾನ ಎತ್ತು. ನಾನಾಗ ಏಳನೇ ಕ್ಲಾಸ್. ಮುಂಗಾರಿನ ಮಳೆ ಬಂದು ನಿಂತ ಬೆಳಗ್ಗೆ. ಎರೆ ಹೊಲದಲ್ಲಿ ಒಂದು ಕರೆಂಟ್ ತಂತಿ ಹರಿದು ಬಿದ್ದಿತ್ತು, ಯಾರಿಗೂ ಗೊತ್ತಿರಲಿಲ್ಲ. ಎತ್ತು ಮುಂದೆ, ಕಾಕಾ ಹಗ್ಗ ಹಿಡಿದು ಅದರ ಹಿಂದೆಯೇ, ಬರಿಗಾಲು. ತಂತಿ ಇನ್ನೂ ಒಂದು ಹೆಜ್ಜೆ ದೂರ ಇರುವಾಗಲೇ ಎತ್ತು ಕುಸಿದು ಬಿತ್ತು. ಮುಟ್ಟಲೇ ಇಲ್ಲ. ಕಾಕಾನಿಗೆ ಕಾಲಲ್ಲಿ ಜುಮ್ ಅಂತು, ಹಗ್ಗ ಕೈಬಿಟ್ಟು ಹಿಂದಕ್ಕೆ ಬಂದ. ಊರಲ್ಲಿ ಎಲ್ಲರೂ "ನೆಲಕ್ಕ ಕರೆಂಟ್ ಇಳದಿತ್ತು" ಅಂದರು. ಸರಿ, ನೆಲಕ್ಕೆ ಇಳಿದಿತ್ತು. ಹಾಗಾದರೆ ಅದೇ ನೆಲದ ಮೇಲೆ ನಿಂತ ಕಾಕಾ ಹೇಗೆ ಉಳಿದ, ಅಷ್ಟು ದೊಡ್ಡ ಎತ್ತು ಹೇಗೆ ಹೋಯಿತು? ಈ ಪ್ರಶ್ನೆ ನನ್ನ ಹತ್ತಿರ ಹಾಗೇ ಇತ್ತು.

ಆ ರಾತ್ರಿ ಊಟ ಆದ ಮೇಲೆ ಈ ಸಲ ನಾನು ನೋಟ್‌ಬುಕ್ ಹಿಡಿದುಕೊಂಡು ಅವಳ ಹತ್ತಿರ ಹೋದೆ. ತಂತಿಯ ತುದಿ ಮಣ್ಣು ಮುಟ್ಟಿದ ಜಾಗ ಒಂದು ಚುಕ್ಕೆ. ಕರೆಂಟು ಅಲ್ಲಿಂದ ಮಣ್ಣಿನೊಳಗೆ ಎಲ್ಲ ಕಡೆಗೂ ಹರಡುತ್ತದೆ, ಅರ್ಧ ಉಳ್ಳಾಗಡ್ಡಿಯ ಪದರದಂತೆ. ಪದರ ದೊಡ್ಡದಾದಂತೆ ಅದೇ ಕರೆಂಟು ಜಾಸ್ತಿ ಜಾಗಕ್ಕೆ ಹಂಚಿಹೋಗಬೇಕು, ಅದೂ ಆರ್ ಸ್ಕ್ವೇರ್ ಲೆಕ್ಕದಲ್ಲೇ. ಅಂದ ಮೇಲೆ ಪೊಟೆನ್ಶಿಯಲ್ಲೂ ಒಂಟಿ ಚಾರ್ಜಿನ ಹಾಗೇ ಆರ್ ಲೆಕ್ಕದಲ್ಲಿ ಇಳಿಯಬೇಕು. ಇದು ನಿಂತ ಚಾರ್ಜಲ್ಲ, ಹರಿಯುವ ಕರೆಂಟು, ಆದರೂ ಸುತ್ತಲಿನ ಗುಡ್ಡದ ಆಕಾರ ಒಂದೇ.

ತುದಿಯಿಂದ 1 ಮೀಟರ್‌ನಲ್ಲಿ 600 ವೋಲ್ಟ್ ಅಂತ ಸುಮ್ನೆ ಲೆಕ್ಕಕ್ಕೆ ಇಟ್ಟುಕೊಂಡೆವು. ಎತ್ತಿನ ಮುಂಗಾಲು 1 ಮೀಟರ್‌ನಲ್ಲಿ, ಹಿಂಗಾಲು ಎರಡೂವರೆ ಮೀಟರ್‌ನಲ್ಲಿ. ಅಲ್ಲಿ 600, ಇಲ್ಲಿ 240. ಎತ್ತಿನ ಮೈಮೇಲೆ 360 ವೋಲ್ಟ್ ಅಂತರ, ಅದೂ ಮುಂಗಾಲಿಂದ ಹಿಂಗಾಲಿಗೆ, ಎದೆ ಹಾಯ್ದು. ಕಾಕಾ ನಿಂತದ್ದು 3 ಮೀಟರ್‌ನಲ್ಲಿ ಅಂದುಕೊಳ್ಳಿ, ಎರಡು ಕಾಲಿನ ನಡುವೆ ಅರ್ಧ ಮೀಟರ್. 3ರಲ್ಲಿ 200, ಮೂರೂವರೆಯಲ್ಲಿ 171. ಅಂತರ 29. ಹಸಿ ಮಣ್ಣು, ಬರಿಗಾಲು. ಜುಮ್ ಅಂದಿರಲೇಬೇಕು.

ಅವಳು ಪೆನ್ನು ಬಾಯಲ್ಲಿಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದಳು. "ಕಾಲು ಜೋಡಿಸಿ ನಿಂತಿದ್ರ?" ಅಂದಳು. 10 ಸೆಂಟಿಮೀಟರ್ ಅಂತರ ಹಾಕಿದೆವು. 200ರಿಂದ 193.5ಕ್ಕೆ. ಆರೂವರೆ ವೋಲ್ಟ್. ಬಿದ್ದ ತಂತಿಯ ಹತ್ತಿರ ಸಿಕ್ಕಿಹಾಕಿಕೊಂಡರೆ ದೊಡ್ಡ ಹೆಜ್ಜೆ ಹಾಕಿ ಓಡಬಾರದು, ಎರಡೂ ಕಾಲು ಜೋಡಿಸಿ, ನೆಲಕ್ಕೆ ತಿಕ್ಕಿಕೊಂಡು ಇಷ್ಟಿಷ್ಟೇ ಸರಿಯಬೇಕು ಅಂತ ಹೇಳುವುದು ಇದಕ್ಕೇ. ಮೊದಲನೆಯದಾಗಿ ಹತ್ತಿರ ಹೋಗಲೇಬಾರದು, ಅದು ಬೇರೆ ಮಾತು. ಮಳೆಗಾಲ ಬಂತೆಂದರೆ ಹೊಲಕ್ಕೆ ಹೋಗುವವರು ದಯವಿಟ್ಟು ನೆಲ ನೋಡಿ ನಡೆಯಿರಿ.

ಕಾಕಾನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ವೋಲ್ಟು ಗೀಲ್ಟು ಬಿಟ್ಟು, ನೀರಿನ ಗೆರೆ, ಮುಂಗಾಲು ಒಂದು ಗೆರೆ ಮೇಲೆ, ಹಿಂಗಾಲು ಇನ್ನೊಂದು ಗೆರೆ ಮೇಲೆ ಅಂತ. ಕಾಕಾ ಹ್ಞೂಂ ಹ್ಞೂಂ ಅನ್ನುತ್ತಾ ಪೂರ್ತಿ ಕೇಳಿದ. ಆಮೇಲೆ ಕೇಳಿದ: "ಅಂದ್ರ ಬಿಳಿಯಾ ಅಡ್ಡ ನಿಂತಿದ್ರ ಉಳೀತಿದ್ದನೇನೋ?"

ಅಡ್ಡ ನಿಂತಿದ್ದರೆ ನಾಲ್ಕೂ ಕಾಲು ಹೆಚ್ಚುಕಮ್ಮಿ ಒಂದೇ ಗೆರೆಯ ಆಸುಪಾಸು ಇರುತ್ತಿದ್ದವು. ಅಂತರ ಬಹಳ ಕಮ್ಮಿ ಆಗುತ್ತಿತ್ತು. "ಉಳೀತಿದ್ದನೋ ಏನೋ ಕಾಕಾ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅಂವ ಎಂದೂ ಅಡ್ಡ ನಡದಾಂವಲ್ಲ ಬಿಡು" ಅಂದ ಕಾಕಾ. "ನಿಮ್ಮ ಕಡೆ ಮಳಿ ಆತೇನು?"